ಗೌರಮ್ಮನ ವಂಶವೃಕ್ಷ: ಹಾಲೇರಿಯಿಂದ ಲಂಡನ್‌ವರೆಗೆ

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ ಬಗ್ಗೆ ನಮಗೆಲ್ಲ ಗೊತ್ತು. ಸ್ಕೂಲಲ್ಲಿ ಓದಿದೀವಿ, ಬೆಂಗಳೂರಿನ ಕಬ್ಬನ್ ಪಾರ್ಕ್ ಹತ್ತಿರ ಅವಳ ಪ್ರತಿಮೆಯನ್ನೂ ನೋಡಿದೀವಿ. ಆದರೆ ಅದೇ ರಾಣಿ ತನ್ನ ಹೆಸರನ್ನೇ ಕೊಟ್ಟು ನಾಮಕರಣ ಮಾಡಿಸಿದ ಒಬ್ಬ ಕನ್ನಡದ ಹುಡುಗಿ ಇದ್ದಳು ಅನ್ನೋದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಅವಳ ಹೆಸರು ವಿಕ್ಟೋರಿಯಾ ಗೌರಮ್ಮ. ಕೊಡಗಿನ ಕೊನೆಯ ರಾಜ ಚಿಕ್ಕವೀರರಾಜೇಂದ್ರನ ಮಗಳು. ಹುಟ್ಟಿದ್ದು 1841ರಲ್ಲಿ, ಕಾಶಿಯಲ್ಲಿ. ತೀರಿಕೊಂಡದ್ದು 1864ರಲ್ಲಿ, ಲಂಡನ್ನಿನಲ್ಲಿ. ಇಪ್ಪತ್ಮೂರು ವರ್ಷ ಕೂಡ ತುಂಬಿರಲಿಲ್ಲ. ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು ಅಷ್ಟೇ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆ ಕಡೆಯವನು. ರೇಷ್ಮೆ, ತರಕಾರಿ, ಹಾಲಿನ ಡೈರಿ ಇರೋ ಸೀಮೆ. ಅಲ್ಲಿಂದ ಕೊಡಗಿಗೂ ನಮಗೂ ಏನು ಸಂಬಂಧ ಅಂತ ಕೇಳಬಹುದು. ಎರಡು ಇದೆ. ಒಂದು, ಕೊಡಗಿನ ಈ ಕೊನೆಯ ರಾಜನ ಮೇಲೆ ಚಿಕವೀರ ರಾಜೇಂದ್ರ ಅನ್ನೋ ಕಾದಂಬರಿ ಬರೆದು, ಮುಂದೆ 1983ರ ಜ್ಞಾನಪೀಠ ತಂದುಕೊಟ್ಟ ಮಾಸ್ತಿ ವೆಂಕಟೇಶ ಅಯ್ಯಂಗಾರ್ ನಮ್ಮ ಹಳೇ ಕೋಲಾರ ಜಿಲ್ಲೆಯವರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗೋ ತನಕ ನಾವೂ ಮಾಸ್ತಿಯವರೂ ಒಂದೇ ಜಿಲ್ಲೆ. ಎರಡನೆಯದು ನಮ್ಮ ಊರಿನ ಹೆಸರು. ಜಂಗಮ ಅಂದರೆ ಒಂದು ಕಡೆ ನಿಲ್ಲದೆ ಊರೂರು ಸುತ್ತುವ ವೀರಶೈವ ಗುರು. ಕೊಡಗಿನ ರಾಜವಂಶದ ಕಥೆ ಶುರುವಾಗೋದೂ ಜಂಗಮನ ವೇಷ ಹಾಕಿ ಬಂದ ಒಬ್ಬನಿಂದಲೇ. ಕಾದಂಬರಿ ಓದಿದ ಮೇಲೆ ಈ ಎರಡನೇ ವಿಷಯ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ರಾಜನ ಕಥೆ ಮಾಸ್ತಿಯವರು ಹೇಳಿದ್ದಾರೆ. ಮಗಳ ಕಥೆ, ಅವಳ ಹಿಂದಿನವರ ಕಥೆ ಏನು ಅಂತ ಹುಡುಕುತ್ತಾ ಹೋದೆ.

ನಮ್ಮ ಕರ್ನಾಟಕದಲ್ಲಿ ಹೆಳವರು ಅಂತ ಒಂದು ಸಮುದಾಯ ಇದೆ. ಎತ್ತಿನ ಮೇಲೆ ಊರೂರಿಗೆ ಬಂದು, ಒಂದೊಂದು ಮನೆಯ ಮುಂದೆ ನಿಂತು, ಆ ಮನೆಯ ವಂಶಾವಳಿಯನ್ನು ತಲೆಮಾರು ತಲೆಮಾರಾಗಿ ಹೇಳೋದು ಅವರ ಕಸುಬು. ಮೂಲ ಪುರುಷ ಯಾರು, ಎಲ್ಲಿಂದ ಬಂದ, ಯಾರ ಮಗ ಯಾರು, ಎಲ್ಲ ಅವರ ಬಾಯಲ್ಲೇ ಇರುತ್ತೆ. ಗೌರಮ್ಮನ ಮನೆ ಮುಂದೆ ಯಾವ ಹೆಳವರೂ ಬಂದು ನಿಲ್ಲೋ ಹಾಗಿರಲಿಲ್ಲ. ಹಾಗಾಗಿ ಅವಳ ವಂಶಾವಳಿಯನ್ನ ನಾವೇ ಹೇಳಿಕೊಳ್ಳಬೇಕು. ಡೇಟಾ ಸ್ಟ್ರಕ್ಚರ್ ಕ್ಲಾಸಿನಲ್ಲಿ ಟ್ರೀ ಕಲಿಯುವಾಗ ರೂಟ್‌ನಿಂದ ಶುರು ಮಾಡಿ ಕೆಳಗೆ ಇಳೀತೀವಲ್ಲ, ಇಲ್ಲಿ ಉಲ್ಟಾ. ತುದಿಯಲ್ಲಿರೋ ಎಲೆಯಿಂದ ಶುರು ಮಾಡಿ ಮೇಲಕ್ಕೆ ಹತ್ತಬೇಕು.

ಕಾಶಿಯಲ್ಲಿ ಯಾಕೆ ಹುಟ್ಟಿದಳು?

1834ರ ಏಪ್ರಿಲ್‌ನಲ್ಲಿ ಈಸ್ಟ್ ಇಂಡಿಯಾ ಕಂಪನಿ ಸೈನ್ಯ ನಾಲ್ಕು ಕಡೆಯಿಂದ ಕೊಡಗಿನ ಒಳಗೆ ನುಗ್ಗಿತು. ಕೆಲವು ಕಡೆ ಕೊಡಗರು ಚೆನ್ನಾಗಿಯೇ ಹೊಡೆದಾಡಿದರು. ಆದರೂ ಯುದ್ಧ ಬಹಳ ದಿನ ನಡೀಲಿಲ್ಲ. ಕರ್ನಲ್ ಫ್ರೇಜರ್ ಮಡಿಕೇರಿಗೆ ಬಂದ, ರಾಜ ಶರಣಾದ. ಅದೇ ತಿಂಗಳು ರಾಜ ತನ್ನ ರಾಣಿಯರನ್ನು, ಪರಿವಾರವನ್ನು, ಕೈಗೆ ಸಿಕ್ಕಷ್ಟು ಸಂಪತ್ತನ್ನು ಕಟ್ಟಿಕೊಂಡು ಮಡಿಕೇರಿ ಬಿಟ್ಟ. ಮೊದಲು ಬೆಂಗಳೂರು, ಆಮೇಲೆ ವೇಲೂರು, ಕೊನೆಗೆ ಕಾಶಿ. ಕಂಪನಿಯವರು ಪಿಂಚಣಿ ಕೊಟ್ಟು ಅಲ್ಲೇ ಇರಿಸಿದರು. ಕೊಡಗು ಕಂಪನಿಯ ಕೈಗೆ ಹೋಯಿತು.

ಇದಾಗಿ ಏಳು ವರ್ಷಕ್ಕೆ ಗೌರಮ್ಮ ಹುಟ್ಟಿದಳು. ಹೆತ್ತ ಕೆಲವೇ ದಿನಕ್ಕೆ ತಾಯಿ ತೀರಿಕೊಂಡಳು. ರಾಜನಿಗೆ ಹಲವು ರಾಣಿಯರು, ಹಲವು ಮಕ್ಕಳು. ಆದರೂ ಈ ಮಗಳ ಮೇಲೆ ಅವನಿಗೆ ವಿಶೇಷ ಪ್ರೀತಿ. ಅವಳ ಅಕ್ಕ ಒಬ್ಬಳನ್ನು ನೇಪಾಳದ ಪ್ರಧಾನಿ ಜಂಗ್ ಬಹಾದ್ದೂರ್ ರಾಣಾ ಇಂಗ್ಲೆಂಡ್ ಪ್ರವಾಸ ಮುಗಿಸಿ ವಾಪಸ್ ಬರುವಾಗ ಮದುವೆಯಾದ. ಹಾಗಾಗಿ ಕೊಡಗಿನ ವಂಶದ ಒಂದು ಕೊಂಬೆ ಕಠ್ಮಂಡುವಿಗೆ ಹೋಯಿತು. ಗೌರಮ್ಮನನ್ನು ಮಾತ್ರ ರಾಜ ಬೇರೆ ದಾರಿಗೆ ಅಂತ ಇಟ್ಟುಕೊಂಡ. ಆ ದಾರಿ ಯಾವುದು ಅಂತ ಗೊತ್ತಾಗಬೇಕಾದರೆ ಮೊದಲು ಅವಳ ಹಿಂದಿನವರನ್ನು ನೋಡಬೇಕು.

ಮೇಲಕ್ಕೆ ಹತ್ತಿದರೆ

ಗೌರಮ್ಮನ ತಂದೆ ಚಿಕ್ಕವೀರರಾಜೇಂದ್ರ, ಆಳಿದ್ದು 1820ರಿಂದ 1834. ಅವನ ತಂದೆ, ಅಂದರೆ ಗೌರಮ್ಮನ ತಾತ, ಲಿಂಗರಾಜೇಂದ್ರ. ಇವತ್ತು ಮಡಿಕೇರಿ ಕೋಟೆಯ ಒಳಗೆ ನಾವು ನೋಡೋ ಅರಮನೆ ಕಟ್ಟಿಸಿದ್ದು ಅವನೇ, ಓಂಕಾರೇಶ್ವರ ದೇವಸ್ಥಾನವನ್ನೂ ಅವನೇ ಕಟ್ಟಿಸಿದ್ದು. ಲಿಂಗರಾಜನ ಅಣ್ಣ ದೊಡ್ಡವೀರರಾಜೇಂದ್ರ. ಗೌರಮ್ಮನಿಗೆ ದೊಡ್ಡ ತಾತ ಆಗಬೇಕು. ಈ ಇಡೀ ವಂಶದಲ್ಲಿ ಹೆಚ್ಚು ಹೆಸರು ಮಾಡಿದವನು ಇವನೇ.

ಇವರಿಬ್ಬರ ತಂದೆ ಮೊದಲನೇ ಲಿಂಗರಾಜ 1780ರಲ್ಲಿ ತೀರಿಕೊಂಡಾಗ ಹೈದರಾಲಿ ಹುಡುಗರನ್ನು ನೋಡಿಕೊಳ್ಳುವ ನೆಪದಲ್ಲಿ ಕೊಡಗನ್ನೇ ತಗೊಂಡ. ರಾಜಕುಮಾರರನ್ನು ಗೊರೂರಿನ ಕೋಟೆಗೆ ಕಳಿಸಿದ. ಆಮೇಲೆ ಟಿಪ್ಪು ಕಾಲಕ್ಕೆ ಅವರು ಪಿರಿಯಾಪಟ್ಟಣದಲ್ಲಿ ಬಂಧನದಲ್ಲಿದ್ದರು. 1788ರ ಡಿಸೆಂಬರ್‌ನಲ್ಲಿ ದೊಡ್ಡವೀರರಾಜ ಅಲ್ಲಿಂದ ಹೆಂಡತಿ, ತಮ್ಮಂದಿರ ಜೊತೆ ತಪ್ಪಿಸಿಕೊಂಡು ಬಂದು, ಕೊಡಗರನ್ನು ಸೇರಿಸಿ ರಾಜ್ಯ ವಾಪಸ್ ಗಳಿಸಿಕೊಂಡ. 1790ರಲ್ಲಿ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡ. ವಿರಾಜಪೇಟೆ ಅಂತ ನಾವು ಕರೆಯೋ ಊರು ಅವನ ಹೆಸರಿನದ್ದು, ವೀರರಾಜೇಂದ್ರಪೇಟೆ. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಯೂ ಅವನದ್ದೇ.

ಅವರ ಹಿಂದೆ ಹೋದರೆ ಮುದ್ದುರಾಜ. 1681ರಲ್ಲಿ ರಾಜಧಾನಿಯನ್ನು ಹಾಲೇರಿಯಿಂದ ಮಡಿಕೇರಿಗೆ ತಂದವನು. ಮುದ್ದುರಾಜಕೇರಿ ಅನ್ನೋದೇ ಬಾಯಲ್ಲಿ ಉರುಳಿ ಮಡಿಕೇರಿ ಆಯ್ತು ಅಂತ ಹೇಳ್ತಾರೆ. ಅವನಿಗೂ ಹಿಂದೆ, ತೀರಾ ಬುಡದಲ್ಲಿ, ವೀರರಾಜ. ಇಕ್ಕೇರಿ ನಾಯಕರ ಮನೆತನಕ್ಕೆ ಸೇರಿದ ಈತ ಅಲ್ಲಿಂದ ಹೊರಟು, ಜಂಗಮನ ವೇಷದಲ್ಲಿ ಹಾಲೇರಿಗೆ ಬಂದು ನೆಲೆಸಿದ ಅನ್ನೋದು ಐತಿಹ್ಯ. ಸುತ್ತಲಿನ ಜನ ಗುರು ಅಂತ ನಂಬಿದರು, ಭತ್ತ ಕಾಣಿಕೆ ಕೊಟ್ಟರು, ಕಾವಲಿಗೆ ನಿಂತರು. ನಿಧಾನಕ್ಕೆ ಗುರು ಒಡೆಯನಾದ, ಸುತ್ತಲಿನ ನಾಯಕರನ್ನ ಒಬ್ಬೊಬ್ಬರನ್ನಾಗಿ ಮುಗಿಸಿದ. ಕೊಡವರ ನಾಡಿಗೆ ಲಿಂಗಾಯತ ರಾಜರು ಹೇಗೆ ಬಂದರು, ಅವರ ದರ್ಬಾರಿನ ಭಾಷೆ ಕನ್ನಡ ಯಾಕೆ ಆಯ್ತು ಅನ್ನೋ ಪ್ರಶ್ನೆಗೆ ಉತ್ತರ ಇಲ್ಲಿದೆ.

ಇಷ್ಟು ವಿವರ ನಮಗೆ ಸಿಗೋದಕ್ಕೆ ಮುಖ್ಯ ಕಾರಣ ಒಂದು ಕನ್ನಡ ಗ್ರಂಥ. ದೊಡ್ಡವೀರರಾಜೇಂದ್ರ 1807ರ ಹೊತ್ತಿಗೆ ತನ್ನ ವಂಶದ ಚರಿತ್ರೆಯನ್ನು ರಾಜೇಂದ್ರನಾಮೆ ಅನ್ನೋ ಹೆಸರಲ್ಲಿ ಬರೆಸಿದ. 1633ರಿಂದ 1807ರ ತನಕದ ಕಥೆ ಅದರಲ್ಲಿದೆ. ಮರುವರ್ಷವೇ ಇಂಗ್ಲಿಷಿಗೂ ಅನುವಾದ ಆಯ್ತು. ರಾಜರು ವಂಶಾವಳಿ ಬರೆಸೋದು ಹೊಸದೇನಲ್ಲ. ಆದರೆ ಇದನ್ನ ಆ ಹೊತ್ತಲ್ಲೇ ಬರೆಸಿದ್ದಕ್ಕೆ ಅವನ ಮನೆಯ ಪರಿಸ್ಥಿತಿಯೂ ಕಾರಣ ಇರಬೇಕು ಅಂತ ನನಗೆ ಅನ್ನಿಸುತ್ತೆ. ಅವನಿಗೆ ಪಟ್ಟದ ರಾಣಿಯಿಂದ ಗಂಡು ಮಕ್ಕಳಿರಲಿಲ್ಲ, ಬರೀ ಹೆಣ್ಣುಮಕ್ಕಳು.

ಇನ್ನೊಬ್ಬ ಹುಡುಗಿ

ದೊಡ್ಡವೀರರಾಜ ತುಂಬಾ ಪ್ರೀತಿಸಿದ ರಾಣಿ ಮಹದೇವಮ್ಮ. ನಾಲ್ಕುನಾಡು ಅರಮನೆಯಲ್ಲಿ 1796ರಲ್ಲಿ ಅವರ ಮದುವೆ ಆಯ್ತು. ಮಡಿಕೇರಿಯ ಮಹದೇವಪೇಟೆ ಅವಳ ಹೆಸರಿನದ್ದೇ. 1807ರಲ್ಲಿ ಅವಳು ತೀರಿಕೊಂಡಳು. ಅವಳ ಹಿರೀ ಮಗಳು ದೇವಮ್ಮಾಜಿ. ರಾಜ ತನ್ನ ನಂತರ ಈ ಹುಡುಗಿಗೇ ಪಟ್ಟ ಆಗಬೇಕು ಅಂತ ತೀರ್ಮಾನ ಮಾಡಿದ, ಅದಕ್ಕೆ ಕಂಪನಿಯ ಒಪ್ಪಿಗೆ ಕೇಳಿದ. ಮಗಳ ಹೆಸರಲ್ಲಿ ಲಕ್ಷಗಟ್ಟಲೆ ರೂಪಾಯಿ ಕಂಪನಿಯಲ್ಲಿ ತೊಡಗಿಸಿದ. ಇವತ್ತಿನ ಲೆಕ್ಕದಲ್ಲಿ ಮಗಳ ಹೆಸರಿಗೆ ಮಾಡಿದ ಫಿಕ್ಸೆಡ್ ಡೆಪಾಸಿಟ್ ಅಂದುಕೊಳ್ಳಿ. ವರ್ಷಾ ವರ್ಷ ಬಡ್ಡಿ ಬರುತ್ತಿತ್ತು.

ಕೊನೇ ವರ್ಷಗಳಲ್ಲಿ ರಾಜನ ಬುದ್ಧಿ ಸ್ಥಿಮಿತದಲ್ಲಿರಲಿಲ್ಲ. ಯಾರೋ ತನ್ನನ್ನ, ತನ್ನ ಮಕ್ಕಳನ್ನ ಕೊಲ್ಲುತ್ತಾರೆ ಅನ್ನೋ ಸಂಶಯ. ಆ ಸಂಶಯದಲ್ಲಿ ಸುತ್ತಲಿನ ಎಷ್ಟೋ ಜನರನ್ನ ತಾನೇ ಕೊಲ್ಲಿಸಿದ, ಒಡಹುಟ್ಟಿದವರನ್ನೂ ಬಿಡಲಿಲ್ಲ. ತಮ್ಮ ಲಿಂಗರಾಜ ಸ್ವಲ್ಪದರಲ್ಲಿ ಉಳಿದುಕೊಂಡ. 1809ರಲ್ಲಿ ದೊಡ್ಡವೀರರಾಜ ಸತ್ತಾಗ ದೇವಮ್ಮಾಜಿಗೆ ಹತ್ತು ವರ್ಷದ ಆಸುಪಾಸು. ಪಟ್ಟ ಆಯ್ತು. ಹತ್ತು ವರ್ಷದ ಹುಡುಗಿ ಕೊಡಗಿನ ರಾಣಿ.

ಅದು ಎರಡು ವರ್ಷ ನಡೆಯಿತು. ಚಿಕ್ಕಪ್ಪ ಲಿಂಗರಾಜ ಮೊದಲು ಅವಳ ಪರವಾಗಿ ಆಡಳಿತ ನೋಡಿಕೊಳ್ತೀನಿ ಅಂತ ಬಂದ. 1811ರಲ್ಲಿ ತಾನೇ ರಾಜ ಅಂತ ಘೋಷಿಸಿಕೊಂಡ. ಹುಡುಗಿ ಅರಮನೆಯಲ್ಲೇ ಬಂದಿಯ ಹಾಗೆ ಉಳಿದಳು. ಕಂಪನಿಯಿಂದ ಅವಳ ಹೆಸರಿಗೆ ಬರೋ ಬಡ್ಡಿ ಚಿಕ್ಕಪ್ಪನ ಕೈ ಸೇರಿತು. 1820ರಲ್ಲಿ ಲಿಂಗರಾಜನೂ ಸತ್ತ. ಅವನ ಮಗ ಚಿಕ್ಕವೀರರಾಜೇಂದ್ರ, ಇಪ್ಪತ್ತರ ಯುವಕ, ರಾಜನಾದ. ತನ್ನ ಪಟ್ಟಕ್ಕೆ ಯಾರೂ ಎದುರಾಗಬಾರದು ಅಂತ ಅವನು ದೇವಮ್ಮಾಜಿಯನ್ನ ಕೊಲ್ಲಿಸಿದ ಅಂತ ಕೊಡಗಿನ ಚರಿತ್ರೆ ಬರೆದವರು ಹೇಳುತ್ತಾರೆ. ಅವಳ ಹತ್ತಿರದವರಿಗೂ ಅದೇ ಗತಿ. ಇದನ್ನೆಲ್ಲ ಜನರ ಬಾಯಿಂದ ಕೇಳಿ ಬರೆದಿಟ್ಟವರಲ್ಲಿ ಮುಖ್ಯವಾದವರು ಹರ್ಮನ್ ಮೋಗ್ಲಿಂಗ್. 1843ರಲ್ಲಿ ಮಂಗಳೂರ ಸಮಾಚಾರ ಅನ್ನೋ ಕನ್ನಡದ ಮೊದಲ ಪತ್ರಿಕೆ ತಂದ ಅದೇ ಬಾಸೆಲ್ ಮಿಷನ್ ಪಾದ್ರಿ. ಕೊಡಗಿನ ಬಗ್ಗೆ ಅವರ ಪುಸ್ತಕ 1855ರಲ್ಲಿ ಬಂತು.

ರಾಜನಿಗೆ ಒಡಹುಟ್ಟಿದವಳೊಬ್ಬಳಿದ್ದಳು. ಅವಳ ಹೆಸರೂ ದೇವಮ್ಮಾಜಿಯೇ, ಗೊಂದಲ ಆಗಬೇಡಿ. ಅವಳೂ ಗಂಡ ಚೆನ್ನಬಸಪ್ಪನೂ ಜೀವ ಭಯದಿಂದ 1832ರಲ್ಲಿ ಮೈಸೂರು ಕಡೆ ಓಡಿಹೋಗಿ ಬ್ರಿಟಿಷ್ ರೆಸಿಡೆಂಟ್‌ನ ಆಶ್ರಯ ಕೇಳಿದರು. ಕಂಪನಿ ಕೊಡಗಿನ ಮೇಲೆ ಬೀಳೋದಕ್ಕೆ ಇದೂ ಒಂದು ಕಾರಣ ಆಯ್ತು. ಮಾಸ್ತಿಯವರ ಕಾದಂಬರಿಯಲ್ಲಿ ಇವರ ಹಸುಗೂಸನ್ನ ರಾಜ ಕೊಲ್ಲೋ ಭಾಗ ಇದೆ. ಓದಿದವರು ಅದನ್ನ ಮರೆಯೋದು ಕಷ್ಟ.

ಈಗ ವಂಶವೃಕ್ಷವನ್ನ ಒಂದು ಹಾಳೆ ಮೇಲೆ ಬರೆದು ನೋಡಿ. ಎಷ್ಟೋ ಕೊಂಬೆಗಳು ಅರ್ಧಕ್ಕೇ ನಿಂತಿವೆ. ಕಂಪನಿಯವರು ಕತ್ತರಿಸಿದ್ದಲ್ಲ, ಟಿಪ್ಪು ಕತ್ತರಿಸಿದ್ದೂ ಅಲ್ಲ. ಹೆಚ್ಚಿನವನ್ನ ಮನೆಯವರೇ ಕತ್ತರಿಸಿದ್ದು. ಕೊನೆಗೆ ಉಳಿದದ್ದು ಕತ್ತರಿಸಿದವನ ಕೊಂಬೆ.

ಲಂಡನ್ನಿಗೆ ಹೋಗಿದ್ದು

ದೇವಮ್ಮಾಜಿ ಹೆಸರಿನ ಆ ಹಣ ಎಲ್ಲಿ ಹೋಯಿತು? ಚಿಕ್ಕವೀರರಾಜೇಂದ್ರ ಪಟ್ಟಕ್ಕೆ ಬಂದ ಮೇಲೆ ಅದರ ಬಡ್ಡಿ ಅವನಿಗೇ ಬರುತ್ತಿತ್ತು. 1834ರಲ್ಲಿ ರಾಜ್ಯ ಹೋದಾಗ ಬಡ್ಡಿಯೂ ನಿಂತಿತು, ಅಸಲೂ ಕಂಪನಿಯ ಕೈಯಲ್ಲೇ ಉಳಿಯಿತು. ಕಾಶಿಯಲ್ಲಿ ಕೂತು ರಾಜ ಹದಿನೇಳು, ಹದಿನೆಂಟು ವರ್ಷ ಅದರದ್ದೇ ಯೋಚನೆ ಮಾಡಿರಬೇಕು. ಇಂಡಿಯಾದಲ್ಲಿ ಕಂಪನಿಯ ವಿರುದ್ಧ ಕಂಪನಿಯನ್ನೇ ಕೇಳಿ ಪ್ರಯೋಜನ ಇಲ್ಲ. ಲಂಡನ್ನಿನ ಕೋರ್ಟಿಗೇ ಹೋಗಬೇಕು.

ಅಲ್ಲಿಗೆ ಹೋಗೋಕೆ ಅನುಮತಿ ಬೇಕಲ್ಲ? ಅದಕ್ಕೆ ಅವನು ಕೊಟ್ಟ ಕಾರಣ ಮಗಳು. ಗೌರಮ್ಮನಿಗೆ ಇಂಗ್ಲಿಷ್ ವಿದ್ಯಾಭ್ಯಾಸ ಕೊಡಿಸಬೇಕು, ಕ್ರೈಸ್ತ ಧರ್ಮಕ್ಕೆ ಸೇರಿಸಬೇಕು ಅಂತ ಹೇಳಿಕೊಂಡ. ಕಂಪನಿಗೂ ಇದು ಖುಷಿಯ ವಿಷಯ, ರಾಣಿಗೂ. 1852ರಲ್ಲಿ ಅಪ್ಪ ಮಗಳು ಇಂಗ್ಲೆಂಡ್ ತಲುಪಿದರು. ರಾಜಮನೆತನದ ಭಾರತೀಯರು ಆ ದೇಶಕ್ಕೆ ಕಾಲಿಟ್ಟಿದ್ದೇ ಅಪರೂಪವಾಗಿದ್ದ ಕಾಲ ಅದು. ಪತ್ರಿಕೆಗಳಲ್ಲಿ ಸುದ್ದಿಯೋ ಸುದ್ದಿ.

ಅದೇ ವರ್ಷ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಗೌರಮ್ಮನ ದೀಕ್ಷಾಸ್ನಾನ ಆಯ್ತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ನೆರವೇರಿಸಿದರು. ವಿಕ್ಟೋರಿಯಾ ರಾಣಿ ಧರ್ಮಮಾತೆಯಾಗಿ ನಿಂತು ತನ್ನ ಹೆಸರು ಕೊಟ್ಟಳು. ಹುಡುಗಿಗೆ ಆಗ ಹನ್ನೊಂದು ವರ್ಷ. ಜಂಗಮನ ವೇಷದಲ್ಲಿ ಬಂದವನ ವಂಶದ ಹುಡುಗಿ, ಲಿಂಗಾಯತ ಮನೆಯಲ್ಲಿ ಹುಟ್ಟಿದವಳು, ಆ ದಿನದಿಂದ ಕ್ರೈಸ್ತಳಾದಳು. ಇದರಲ್ಲಿ ಅವಳ ಒಪ್ಪಿಗೆ ಯಾರು ಕೇಳಿದರು? ಹನ್ನೊಂದು ವರ್ಷಕ್ಕೆ ನಾವು ಆರನೇ ಕ್ಲಾಸಲ್ಲಿರ್ತೀವಿ. ಸ್ಕೂಲ್ ಬದಲಾಯಿಸಿದ್ರೇ ವಾರಗಟ್ಟಲೆ ಅಳ್ತೀವಿ. ಇವಳಿಗೆ ದೇಶ, ಭಾಷೆ, ದೇವರು, ಹೆಸರು ನಾಲ್ಕೂ ಒಂದೇ ವರ್ಷದಲ್ಲಿ ಬದಲಾಯ್ತು.

ಇಂಗ್ಲಿಷ್ ಮೀಡಿಯಂ ಬಗ್ಗೆ ನಾವು ಈಗ ಚರ್ಚೆ ಮಾಡ್ತೀವಿ. ನಾನೂ ಇಂಗ್ಲಿಷ್ ಮೀಡಿಯಂನಲ್ಲೇ ಓದಿದವನು, ಮನೆಗೆ ಬಂದ ಮೇಲೆ ಕನ್ನಡ, ತೆಲುಗು ಎರಡೂ ಕಲಸಿ ಮಾತಾಡಿದವನು. ಸಂಜೆ ಮನೆಗೆ ಬಂದ್ರೆ ಭಾಷೆ ವಾಪಸ್ ಸಿಗುತ್ತೆ ಅನ್ನೋ ಧೈರ್ಯ ನಮಗಿತ್ತು. ಗೌರಮ್ಮನಿಗೆ ಆ ಸಂಜೆ ಇರಲಿಲ್ಲ. ಅವಳನ್ನ ಡ್ರಮಂಡ್ ಅನ್ನೋ ಅಧಿಕಾರಿಯ ಕುಟುಂಬದ ಜೊತೆ ಇಟ್ಟರು. ಅಪ್ಪ ಲಂಡನ್ನಿನಲ್ಲೇ ಇದ್ದರೂ ಮಗಳನ್ನ ನೋಡೋ ಅವಕಾಶ ಕಡಿಮೆಯಾಗುತ್ತಾ ಹೋಯಿತು. ಅವನ ಪ್ರಭಾವ ಅವಳ ಮೇಲೆ ಬೀಳಬಾರದು ಅನ್ನೋದು ದೊಡ್ಡವರ ತೀರ್ಮಾನ.

ಒಂದು ಕಡೆ ಪ್ರೀತಿಯೂ ಇತ್ತು, ಇಲ್ಲ ಅನ್ನೋಕಾಗಲ್ಲ. ರಾಣಿ ಅವಳನ್ನ ಅರಮನೆಗೆ ಕರೆಸಿಕೊಳ್ಳುತ್ತಿದ್ದಳು. ಯೂರೋಪಿನ ರಾಜಮನೆತನಗಳ ಚಿತ್ರ ಬರೆಯುತ್ತಿದ್ದ ವಿಂಟರ್‌ಹಾಲ್ಟರ್ ಕೈಯಲ್ಲಿ ಅವಳ ಚಿತ್ರ ಬರೆಸಿದಳು. ಶಿಲ್ಪಿ ಮಾರೊಕೆಟ್ಟಿ ಅಮೃತಶಿಲೆಯಲ್ಲಿ ಅವಳ ಅರ್ಧಪ್ರತಿಮೆ ಕೆತ್ತಿ ಬಣ್ಣ ಹಚ್ಚಿದ. ಇವು ಇಂದಿಗೂ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಕೊಡಗಿನ ಅಷ್ಟು ರಾಜರಾಣಿಯರಲ್ಲಿ ಮುಖ ಹೇಗಿತ್ತು ಅಂತ ಇಷ್ಟು ಸ್ಪಷ್ಟವಾಗಿ ನಮಗೆ ಗೊತ್ತಿರೋದು ಅಪರೂಪ. ಆದರೆ ಅವಳು ಏನು ಯೋಚಿಸುತ್ತಿದ್ದಳು ಅನ್ನೋದು ಚಿತ್ರದಲ್ಲಿ ಸಿಗಲ್ಲ.

ಈ ಕಡೆ ಅಪ್ಪನ ಕೇಸು ವರ್ಷಗಟ್ಟಲೆ ನಡೆಯಿತು. ತೀರ್ಪು ಬರೋ ಮೊದಲೇ, 1859ರ ಸೆಪ್ಟೆಂಬರ್‌ನಲ್ಲಿ, ಚಿಕ್ಕವೀರರಾಜೇಂದ್ರ ಲಂಡನ್ನಿನಲ್ಲಿ ತೀರಿಕೊಂಡ. ಮರುವರ್ಷ ಕೇಸು ವಜಾ ಆಯ್ತು. ಕಂಪನಿ ಆ ಹಣವನ್ನ ವಶಪಡಿಸಿಕೊಂಡದ್ದು ಒಂದು ಪ್ರಭುತ್ವ ಇನ್ನೊಂದು ಪ್ರಭುತ್ವದ ಮೇಲೆ ನಡೆಸಿದ ಕ್ರಮ, ಅದರ ಸರಿ ತಪ್ಪನ್ನ ನ್ಯಾಯಾಲಯ ವಿಚಾರಿಸೋಕೆ ಬರಲ್ಲ ಅನ್ನೋದು ತೀರ್ಪಿನ ಸಾರಾಂಶ. ಕಾನೂನು ಓದುವವರು ಈ ಕೇಸನ್ನ ಇವತ್ತೂ ಹೆಸರಿಸುತ್ತಾರೆ.

ನಾನು ಇಲ್ಲಿ ಸ್ವಲ್ಪ ಹೊತ್ತು ನಿಂತೆ. ಆ ಹಣ ಒಬ್ಬ ಅಪ್ಪ ತನ್ನ ಮಗಳು ದೇವಮ್ಮಾಜಿಗೆ ಇಟ್ಟದ್ದು. ಅವಳನ್ನ ಕೊಲ್ಲಿಸಿದ ಅಂತ ಚರಿತ್ರೆ ಯಾರನ್ನ ಬೊಟ್ಟು ಮಾಡುತ್ತೋ, ಅವನೇ ಅದು ತನ್ನ ಮನೆಯ ಹಣ ಅಂತ ಕೇಳಿಕೊಂಡು ಲಂಡನ್ನಿಗೆ ಹೋದ. ಹೋಗುವಾಗ ತನ್ನ ಮಗಳನ್ನ ದಾರಿಗೆ ಟಿಕೆಟ್ ಮಾಡಿಕೊಂಡ. ಹತ್ತು ವರ್ಷದ ಒಬ್ಬ ಹುಡುಗಿಯನ್ನ ಸಿಂಹಾಸನದ ಮೇಲೆ ಕೂರಿಸಿದರು, ಹನ್ನೊಂದು ವರ್ಷದ ಇನ್ನೊಬ್ಬಳನ್ನ ಕ್ರೈಸ್ತ ವೇದಿಕೆಯ ಮುಂದೆ ನಿಲ್ಲಿಸಿದರು. ಎರಡಕ್ಕೂ ಕಾರಣ ದೊಡ್ಡವರ ಲೆಕ್ಕಾಚಾರ. ವಂಶವೃಕ್ಷದಲ್ಲಿ ದೇವಮ್ಮಾಜಿ ಮತ್ತು ಗೌರಮ್ಮ ದೂರ ದೂರ ಇದ್ದಾರೆ, ಗೌರಮ್ಮನಿಗೆ ಅವಳು ದೊಡ್ಡತ್ತೆ ಆಗಬೇಕು. ಒಬ್ಬರನ್ನೊಬ್ಬರು ನೋಡಿಲ್ಲ. ಆದರೂ ಒಬ್ಬಳ ಹೆಸರಿನ ಹಣ ಇನ್ನೊಬ್ಬಳ ಬದುಕನ್ನ ತಿರುಗಿಸಿತು.

ರಾಣಿಯ ಪ್ಲಾನ್, ಹುಡುಗಿಯ ಬದುಕು

ಆ ಕಾಲದಲ್ಲೇ ಇಂಗ್ಲೆಂಡಿನಲ್ಲಿ ಇನ್ನೊಬ್ಬ ರಾಜ್ಯ ಕಳೆದುಕೊಂಡ ಹುಡುಗ ಇದ್ದ. ಪಂಜಾಬಿನ ಮಹಾರಾಜ ದುಲೀಪ್ ಸಿಂಗ್, ರಣಜಿತ್ ಸಿಂಗ್‌ನ ಮಗ. 1849ರಲ್ಲಿ ರಾಜ್ಯವೂ ಹೋಗಿ, ಕೊಹಿನೂರ್ ವಜ್ರವೂ ಹೋಗಿ, ಅವನು 1854ರಲ್ಲಿ ಇಂಗ್ಲೆಂಡಿಗೆ ಬಂದಿದ್ದ. ಅವನೂ ಕ್ರೈಸ್ತನಾಗಿದ್ದ. ಇಬ್ಬರೂ ಭಾರತದವರು, ಇಬ್ಬರೂ ರಾಜಮನೆತನ, ಇಬ್ಬರೂ ಕ್ರೈಸ್ತರು, ಮದುವೆ ಮಾಡಿದರೆ ಚೆನ್ನಾಗಿರುತ್ತೆ ಅನ್ನೋದು ರಾಣಿಯ ಆಸೆ. ಪೇಪರ್ ಮೇಲೆ ಎಲ್ಲ ಮ್ಯಾಚ್ ಆಗುತ್ತಿತ್ತು. ಆದರೆ ದುಲೀಪ್ ಒಪ್ಪಲಿಲ್ಲ. ಅವಳನ್ನ ತಂಗಿಯ ಹಾಗೆ ನೋಡಿದ, ಸ್ನೇಹ ಮಾತ್ರ ಉಳಿಯಿತು. ಪಂಜಾಬು ಮತ್ತು ಕೊಡಗು ಒಂದು ಮನೆಯಾಗೋ ಅವಕಾಶ ಅಲ್ಲಿಗೆ ಮುಗಿಯಿತು.

1858ರಲ್ಲಿ ಗೌರಮ್ಮನನ್ನ ಸರ್ ಜಾನ್ ಲಾಗಿನ್ ಮತ್ತು ಲೇಡಿ ಲಾಗಿನ್ ದಂಪತಿಯ ಮನೆಗೆ ಕಳಿಸಿದರು. ದುಲೀಪ್ ಸಿಂಗ್‌ನ ಪಾಲಕರೂ ಅವರೇ. ಲೇಡಿ ಲಾಗಿನ್‌ರ ನೆನಪುಗಳು 1916ರಲ್ಲಿ ಪುಸ್ತಕವಾಗಿ ಬಂದಿವೆ, ಗೌರಮ್ಮನ ಬಗ್ಗೆ ನಮಗೆ ತಿಳಿದಿರೋದರಲ್ಲಿ ಬಹಳಷ್ಟು ಅಲ್ಲಿಂದ ಬಂದದ್ದು. ಆ ಹೊತ್ತಿಗೆ ಅವಳು ಕಟ್ಟುಪಾಡು ಒಪ್ಪದ, ಬೇಸರಗೊಂಡ ಹುಡುಗಿಯಾಗಿದ್ದಳು. ನೋಡಿಕೊಳ್ಳುವವರು ಅದನ್ನ ಹಠ ಅಂತ ಕರೆದರು. ಹನ್ನೊಂದನೇ ವರ್ಷದಿಂದ ಮನೆಯಿಂದ ಮನೆಗೆ ಸಾಗಿಸಲ್ಪಟ್ಟ ಹುಡುಗಿ ಹದಿನೇಳಕ್ಕೆ ಹಠ ಮಾಡದೆ ಇನ್ನೇನು ಮಾಡ್ತಾಳೆ?

1860ರಲ್ಲಿ ಅವಳ ಮದುವೆಯಾಯ್ತು. ಗಂಡ ಕರ್ನಲ್ ಜಾನ್ ಕ್ಯಾಂಬೆಲ್, ಲೇಡಿ ಲಾಗಿನ್‌ರ ಸೋದರ, ಸೈನ್ಯದಲ್ಲಿದ್ದವನು. ಅವಳಿಗಿಂತ ಸುಮಾರು ಮೂವತ್ತು ವರ್ಷ ದೊಡ್ಡವನು. ಮರುವರ್ಷ, 1861ರಲ್ಲಿ, ಹೆಣ್ಣು ಮಗು ಹುಟ್ಟಿತು. ಮಗುವಿಗೆ ಇಟ್ಟ ಹೆಸರು ಎಡಿತ್ ವಿಕ್ಟೋರಿಯಾ ಗೌರಮ್ಮ ಕ್ಯಾಂಬೆಲ್. ಈ ಹೆಸರನ್ನ ಒಂದು ಸಲ ಜೋರಾಗಿ ಓದಿ. ಮುಂದೆ ಇಂಗ್ಲಿಷ್, ಹಿಂದೆ ಸ್ಕಾಟ್ಲೆಂಡಿನ ಮನೆತನದ ಹೆಸರು, ನಡುವೆ ನಮ್ಮ ಅಜ್ಜಿಯರ ಹೆಸರು. ಕೊಡಗನ್ನ ಕಣ್ಣಾರೆ ನೋಡದ ತಾಯಿ, ತನ್ನ ಮೂಲದಿಂದ ಮಗಳಿಗೆ ದಾಟಿಸೋಕೆ ಆಗಿದ್ದು ಅದೊಂದು ಹೆಸರು.

ಕ್ಷಯ ರೋಗ ಆಗ ಇಂಗ್ಲೆಂಡಿನಲ್ಲಿ ಮನೆಮನೆಯ ಕಾಯಿಲೆ. ಕ್ಷಯಕ್ಕೆ ಕಾರಣವಾದ ಬ್ಯಾಕ್ಟೀರಿಯಾವನ್ನ ರಾಬರ್ಟ್ ಕಾಕ್ ಪತ್ತೆ ಮಾಡಿದ್ದು 1882ರಲ್ಲಿ. ಔಷಧಿ ಬರೋಕೆ ಅದರ ಮೇಲೂ ಅರವತ್ತು ವರ್ಷ ಬೇಕಾಯ್ತು. 1864ರಲ್ಲಿ ಗೌರಮ್ಮ ಕ್ಷಯದಿಂದ ತೀರಿಕೊಂಡಳು. ಮಗಳಿಗೆ ಆಗ ಮೂರು ವರ್ಷವೂ ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಹೂಳಿದರು. ಮೂರು ವರ್ಷದ ನಂತರ, 1867ರಲ್ಲಿ, ಕರ್ನಲ್ ಕ್ಯಾಂಬೆಲ್ ಗೌರಮ್ಮನ ಒಡವೆಗಳ ಚೀಲ ತಗೊಂಡು ಮನೆಯಿಂದ ಹೋದವನು ವಾಪಸ್ ಬರಲೇ ಇಲ್ಲ. ಮನುಷ್ಯನೂ ಸಿಗಲಿಲ್ಲ, ಒಡವೆಯೂ ಸಿಗಲಿಲ್ಲ. ಅಷ್ಟು ದೂರದಿಂದ ಉಳಿದು ಬಂದಿದ್ದ ಹಾಲೇರಿ ವಂಶದ ಸಂಪತ್ತಿನ ಒಂದು ತುಣುಕು ಹೀಗೆ ಕಣ್ಮರೆಯಾಯ್ತು. ಆರು ವರ್ಷದ ಎಡಿತ್ ತಬ್ಬಲಿಯಾದಳು. ದೊಡ್ಡವಳಾದ ಮೇಲೆ ಅವಳು ಹೆನ್ರಿ ಯಾರ್ಡ್ಲಿ ಅನ್ನುವವರನ್ನ ಮದುವೆಯಾದಳು. ವಂಶ ಬೇರೆ ಹೆಸರಲ್ಲಿ ಮುಂದುವರಿಯಿತು.

ಸಮಾಧಿಗಳ ದಾರಿ

ಈ ವಂಶದ ಮ್ಯಾಪ್ ಬೇಕಾದರೆ ಸಮಾಧಿಗಳನ್ನ ಜೋಡಿಸಿದರೆ ಸಾಕು. ದೊಡ್ಡ ತಾತ ದೊಡ್ಡವೀರರಾಜೇಂದ್ರ, ಅವನ ರಾಣಿ ಮಹದೇವಮ್ಮ, ತಾತ ಲಿಂಗರಾಜೇಂದ್ರ ಇರೋದು ಮಡಿಕೇರಿಯ ಗದ್ದುಗೆಯಲ್ಲಿ. ಗುಮ್ಮಟ, ಮೂಲೆಗಳಲ್ಲಿ ಮಿನಾರಿನಂಥ ಗೋಪುರಗ. ದೂರದಿಂದ ನೋಡಿದರೆ ಸುಲ್ತಾನರ ಗೋರಿ ಅನ್ನಿಸುತ್ತೆ, ಹತ್ತಿರ ಹೋದರೆ ಬಸವ, ಒಳಗೆ ಲಿಂಗ. ಲಿಂಗರಾಜನ ಗದ್ದುಗೆ ಕಟ್ಟಿಸಿದವನು ಮಗ ಚಿಕ್ಕವೀರರಾಜೇಂದ್ರ. ಅಪ್ಪನಿಗೆ ಇಷ್ಟು ದೊಡ್ಡದು ಕಟ್ಟಿಸಿದವನಿಗೆ ಅಲ್ಲಿ ಜಾಗ ಇಲ್ಲ. ಅವನು ಲಂಡನ್ನಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿದ್ದಾನೆ. ಮಗಳು ಅದೇ ಊರಿನ ಬ್ರಾಂಪ್ಟನ್‌ನಲ್ಲಿ. ಬದುಕಿದ್ದಾಗಿನ ಹಾಗೆಯೇ ಒಂದೇ ಊರಲ್ಲಿದ್ದೂ ಬೇರೆ ಬೇರೆ.

ಕೊಡಗಿನಲ್ಲಿ ಗೌರಮ್ಮ ಬಹಳ ಕಾಲ ಮರೆತೇ ಹೋಗಿದ್ದಳು. ಅವಳನ್ನ ಮತ್ತೆ ನೆನಪಿಗೆ ತಂದವರಲ್ಲಿ ಕೊಡಗಿನ ಲೇಖಕ ಸಿ.ಪಿ. ಬೆಳ್ಳಿಯಪ್ಪ ಮುಖ್ಯರು. ಅವರು ಅವಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಪುಸ್ತಕ 2010ರಲ್ಲಿ ಬಂತು. ಕಾದಂಬರಿ ಓದಿ ಮುಗಿಸಿದವರು ಅದನ್ನೂ ಹುಡುಕಿ ಓದಬಹುದು.

ಈ ಎಲ್ಲ ಹುಡುಕಾಟದಲ್ಲಿ ನನಗೆ ಎದ್ದು ಕಂಡದ್ದು ಒಂದು ವಿಷಯ. ರಾಜರ ಹೆಸರು, ಆಳಿದ ವರ್ಷ, ಗೆದ್ದ ಯುದ್ಧ ಸಾಲಾಗಿ ಸಿಗುತ್ತವೆ. ಹೆಣ್ಣುಮಕ್ಕಳ ಹೆಸರು ಸಿಗೋದು ಅವರಿಂದ ಯಾರಿಗಾದರೂ ಏನಾದರೂ ಬೇಕಾಗಿದ್ದಾಗ ಮಾತ್ರ. ದೇವಮ್ಮಾಜಿ ಸಿಗೋದು ಹಣದ ಕಾಗದದಿಂದ. ಗೌರಮ್ಮ ಸಿಗೋದು ಕೋರ್ಟು, ಚರ್ಚು, ಅರಮನೆಯ ಕಾಗದಗಳಿಂದ. ಅವರು ಹಾಗೆ ಯಾರಿಗೂ ಬೇಡವಾಗಿದ್ದರೆ ಬಹುಶಃ ಹೆಚ್ಚು ದಿನ ಬದುಕುತ್ತಿದ್ದರು, ನಮಗೆ ಹೆಸರೂ ಗೊತ್ತಿರುತ್ತಿರಲಿಲ್ಲ.

ನಮ್ಮ ಮನೆಗಳಲ್ಲಿ ಸಿಂಹಾಸನವೂ ಇಲ್ಲ, ಕೇಸು ಹಾಕೋವಷ್ಟು ಡೆಪಾಸಿಟ್ಟೂ ಇಲ್ಲ. ಆದರೂ ವಂಶವೃಕ್ಷ ಬರೆಯೋಕೆ ಕೂತರೆ ಇದೇ ಸಮಸ್ಯೆ. ತಾತ, ಮುತ್ತಾತನ ಹೆಸರು ಪಹಣಿಯಲ್ಲಿ ಸಿಗುತ್ತೆ. ಮುತ್ತಜ್ಜಿಯ ಹೆಸರು ಕೇಳಿ ನೋಡಿ, ಅರ್ಧ ಜನ ತಡವರಿಸ್ತಾರೆ. ಹುಟ್ಟಿ ನಾಲ್ಕೈದು ವರ್ಷಕ್ಕೇ ಹೋಗಿಬಿಟ್ಟ ಮಕ್ಕಳ ಹೆಸರಂತೂ ಯಾವ ಕಾಗದದಲ್ಲೂ ಇರಲ್ಲ, ಒಬ್ಬ ಅಜ್ಜಿಯ ನೆನಪಲ್ಲಿ ಮಾತ್ರ ಇರುತ್ತೆ. ಸೆಮ್ ರಜೆಗೆ ಊರಿಗೆ ಹೋದಾಗ ಒಂದು ನೋಟ್‌ಬುಕ್ ತಗೊಂಡು ಅಜ್ಜಿ ಪಕ್ಕ ಕೂತು, ಇರೋ ಹೆಸರೆಲ್ಲ ಬರೆದುಕೊಳ್ಳಿ. ಗಂಡಸರ ಹೆಸರು ಆಮೇಲೆ ಬರೆದರೂ ನಡೆಯುತ್ತೆ, ಅವು ಎಲ್ಲೂ ಹೋಗಲ್ಲ.

ಇನ್ನು ಮುಂದಿನ ಸಲ ಮಡಿಕೇರಿಗೆ ಟ್ರಿಪ್ ಹೋದರೆ ರಾಜಾಸೀಟ್, ಅಬ್ಬಿ ಫಾಲ್ಸ್ ಮುಗಿಸಿಕೊಂಡು ಗದ್ದುಗೆಗೂ ಒಂದು ಅರ್ಧ ಗಂಟೆ ಇಡಿ. ಊರಿನಲ್ಲೇ ಇದೆ. ಅಲ್ಲಿ ಮಹದೇವಮ್ಮನ ಸಮಾಧಿ ಮುಂದೆ ನಿಂತಾಗ, ಅವಳ ಮಗಳು ದೇವಮ್ಮಾಜಿಯನ್ನೂ, ಏಳು ಸಾವಿರ ಕಿಲೋಮೀಟರಿಗಿಂತ ಆಚೆ ಮಲಗಿರೋ ಗೌರಮ್ಮನನ್ನೂ ನೆನೆಸಿಕೊಂಡು ಬನ್ನಿ.